ತೆಂಕಣ ಮೂಲೆ ಬೀಜಕ್ಕೆ ಬಿಟ್ಟದ್ದು

ಆ ಬೇಸಿಗೆಯಲ್ಲಿ ನಮ್ಮ ಕೆರೆಯ ತೆಂಕಣ ಮೂಲೆಗೆ ಒಂದು ಯಂತ್ರ ಬಂದು ನಿಂತಿತು. ನೀರೊಳಗಿನ ಪೈರನ್ನು ಬುಡದಿಂದಲೇ ಕತ್ತರಿಸುವ ಯಂತ್ರ. ದಡದಲ್ಲಿ ಬಂಗಲೆ ಕಟ್ಟಿಕೊಂಡವರಿಗೆ ಮೋಟಾರು ದೋಣಿ ಓಡಿಸಲು ದಾರಿ ಬೇಕಂತೆ, ‘ಕಳೆ’ ಅಡ್ಡವಂತೆ. ಅವರು ಕಳೆ ಎಂದದ್ದು ಮನೋಮಿನ್. ತಾನೇ ಉದುರಿ ತಾನೇ ಹುಟ್ಟುವ ನೀರಕ್ಕಿ. ಅನಿಶಿನಾಬೆ ಜನರಾದ ನಮಗೆ ಅದೇ ಅನ್ನ. ನಮ್ಮ ಹಿರಿಯರು ಕೆನಡಾ ಸರ್ಕಾರದ ಜೊತೆ ಒಪ್ಪಂದಕ್ಕೆ ಕೂತಾಗ, ಈ ಕೆರೆಯ ಅಕ್ಕಿ ಎಂದಿನಂತೆ ನಿಮ್ಮದೇ ಎಂದು ಮಾತಾಗಿತ್ತು.

ಯಂತ್ರ ಬರಲು ದಾರಿ ಮಾಡಿಕೊಟ್ಟವನು ನಮ್ಮವನೇ, ಹೆಕ್ಟರ್. ಬಂಗಲೆಯವರ ಪರವಾಗಿ ಕೆರೆ ಅಳೆಯಲು ಬಂದ ಅಳತೆಯವರು ಅವನ ಬಾಗಿಲಿಗೆ ಬಂದು, “ಆ ಮೂಲೆಯಲ್ಲಿ ಅಕ್ಕಿ ಕೊಯ್ಯುತ್ತೀರಾ?” ಎಂದು ಕೇಳಿದ್ದರು. “ಇಲ್ಲ, ಯಾರೂ ಕೊಯ್ಯಲ್ಲ” ಎಂದುಬಿಟ್ಟ. ಸುಳ್ಳಲ್ಲ. ಅರ್ಧ ಮಾತು. ಅರ್ಧ ಮಾತು ಸುಳ್ಳಿಗಿಂತ ಕೆಟ್ಟದ್ದು.

ನಮ್ಮ ಜನರ ಮಂಡಳಿಯಲ್ಲಿ ನೆಲ-ನೀರಿನ ಹಕ್ಕಿನ ಕೆಲಸ ನೋಡುವವಳು ಡೆಲ್ವಿನಾ. ಅವಳು ಬಂದಾಗ ಹೆಕ್ಟರ್ ಅಂಗಳದಲ್ಲಿ ಮೀನು ಹಸನು ಮಾಡುತ್ತಿದ್ದ.

“ಅಣ್ಣಾ, ಯಂತ್ರ ಬೇಡ ಅಂತ ಮಂಡಳಿ ಹಾಕಿದ ಅರ್ಜಿಗೆ ಸೋಮವಾರ ವಿಚಾರಣೆ. ನೀನು ಬರ್ಬೇಕು.”

“ಬಂದು ಏನ್ ಕಡಿದು ಗುಡ್ಡೆ ಹಾಕ್ಲಿ? ಅವರತ್ರ ನಕ್ಷೆ ಇದೆ, ವಕೀಲ ಇದಾನೆ. ನಮ್ಮತ್ರ ಏನಿದೆ? ದೋಣಿಯ ಒಂದು ಹುಟ್ಟು, ಅದೂ ಸೀಳು ಬಿಟ್ಟಿದೆ.”

“ಬಾಯಿದೆಯಲ್ಲ! ಅಳತೆಯವರ ಮುಂದೆ ಚೆನ್ನಾಗೇ ಓಡ್ತು.”

“ನಾನೇನು ಸುಳ್ಳು ಹೇಳಿದ್ನಾ? ಅಲ್ಲಿ ಕೊಯ್ತೀವಾ ನಾವು?”

ಚಹಾ ಕಾಸುತ್ತಿದ್ದ ಅವನ ತಾಯಿ ಫಿಲೋಮಿನ್ ಕೆಟಲನ್ನು ಕುಕ್ಕಿದಳು. “ಯಾಕೆ ಕೊಯ್ಯಲ್ಲ, ಅದನ್ನ ಹೇಳಿದ್ಯೇನೋ ದಡ್ಡ? ನೀನು ಕೂಸಾಗಿದ್ದಾಗ ನೀರು ಉಕ್ಕಿ ಬಡಗಣ ದಡದ ಅಕ್ಕಿಯೆಲ್ಲಾ ಮುಳುಗಿ ಕೊಳೀತು. ಆಮೇಲೆ ಬೀಜ ಆಕಾಶದಿಂದ ಬಿತ್ತಾ? ನಿನ್ನನ್ನ ಬೆನ್ನಿಗೆ ಕಟ್ಕೊಂಡು ಆ ಮೂಲೆಯಿಂದ್ಲೇ ತಂದು ಚೆಲ್ಲಿದೀನಿ. ಅಲ್ಲಿ ಯಾರೂ ಕೈ ಹಾಕ್ಬಾರದು, ಕಾಳು ಉದುರಿ ಬೀಜ ಆಗ್ಲಿ ಅಂತ ಹಿರಿಯರ ಕಟ್ಟಳೆ. ಅದು ಹೋದ್ರೆ ಇನ್ನೊಂದು ಸಲ ನೀರು ಉಕ್ಕಿದಾಗ ಇಡೀ ಕೆರೆ ಬೋಳು!”

ಹೆಕ್ಟರನ ಕೈಯಲ್ಲಿ ಚಾಕು ನಿಂತಿತು. “ಇದು ಯಾವ ಕಾಗದದಲ್ಲೂ ಇಲ್ವಲ್ಲ. ಅವರು ನಂಬ್ತಾರಾ?”

“ಒಪ್ಪಂದ ಅಂದ್ರೆ ಬರೀ ಕಾಗದ ಅಲ್ಲ ಅಣ್ಣಾ,” ಎಂದಳು ಡೆಲ್ವಿನಾ. “ಅವತ್ತು ಆಡಿದ ಮಾತು, ನಾವು ನಡೆಸ್ಕೊಂಡು ಬಂದ ಪದ್ಧತಿ, ಹಿರಿಯರ ನೆನಪು, ಇವನ್ನೂ ಕೇಳ್ಬೇಕು ಅಂತ ಇಲ್ಲಿನ ನ್ಯಾಯಾಲಯಗಳೇ ಹೇಳಿವೆ. ಹೇಳೋರು ಬರ್ಬೇಕಷ್ಟೆ.”

ಸೋಮವಾರ ವಿಚಾರಣೆ ಕೆರೆಯ ದಡದಲ್ಲೇ ನಡೆಯಿತು. ಹಿರಿಯರು ಹಾಗೆಂದು ಕೇಳಿ ಪಡೆದಿದ್ದರು. ಫಿಲೋಮಿನ್ ಮೊದಲು ನಮ್ಮ ಪದ್ಧತಿಯಂತೆ ನೀರಿಗೆ ಕಾಣಿಕೆಯಾಗಿ ಚಿಟಿಕೆ ಹೊಗೆಸೊಪ್ಪು ಬಿಟ್ಟಳು.

ಬಂಗಲೆಯವರ ವಕೀಲ ಎದ್ದು ಹೆಕ್ಟರನನ್ನು ಕೇಳಿದ. “ಯಾರೂ ಕೊಯ್ಯಲ್ಲ ಅಂತ ನೀವೇ ಹೇಳಿದ್ದಲ್ವಾ?”

“ಹೇಳ್ದೆ ಸ್ವಾಮಿ. ಅರ್ಧ ಹೇಳ್ದೆ,” ಎಂದ ಹೆಕ್ಟರ್. “ಉಳಿದರ್ಧ ಈಗ ಕೇಳಿ. ಬೀಜದ ಚೀಲ ಬಿಚ್ಚಿ ಗಂಜಿ ಕಾಸೋ ಮನೆ ಯಾವುದ್ರೀ? ಆ ಮೂಲೆ ನಮ್ಮ ಬೀಜದ ಚೀಲ. ಮುಟ್ಟದೆ ಇರೋದೇ ಅಲ್ಲಿ ನಾವು ಮಾಡೋ ಬೇಸಾಯ!”

ಅವನ ಹಿಂದೆ ತಾಯಿ ಎದ್ದಳು. ಅವಳ ಹಿಂದೆ ಒಬ್ಬೊಬ್ಬ ಮುದುಕಿಯೂ ಎದ್ದು, ತಾನು ಆ ಬೀಜ ಚೆಲ್ಲಿದ್ದು ಯಾವ ದಡಕ್ಕೆ ಎಂದು ಬೆರಳು ಮಾಡಿ ತೋರಿಸಿದಳು. ವಿಚಾರಣೆಯವರು ದೋಣಿ ಹತ್ತಿ ಹೋಗಿ ನೋಡಿದರು.

ಕೊಯ್ಲಿಗೆ ಮೊದಲೇ ತೀರ್ಪು ಬಂತು. ತೆಂಕಣ ಮೂಲೆ ಒಪ್ಪಂದದ ಹಕ್ಕಿನೊಳಗೇ ಇದೆ, ಯಂತ್ರ ಇಳಿಸುವಂತಿಲ್ಲ! ಲಾರಿ ಆ ಯಂತ್ರವನ್ನು ಹೊತ್ತು ಹೋದ ದಿನ ತಮಟೆಗಳ ಸದ್ದಿಗೆ ಬಾತುಕೋಳಿಗಳ ಹಿಂಡೇ ಎದ್ದು ಹಾರಿತು. ಔತಣದಲ್ಲಿ ಫಿಲೋಮಿನ್ ಸೌಟು ಹಿಡಿದು ಕೇಳಿದಳು, “ಹೆಕ್ಟರ್, ಅರ್ಧ ಬಟ್ಟಲು ಸಾಕಾ?”

“ಪೂರ್ತಿ ಹಾಕಮ್ಮಾ, ಪೂರ್ತಿ!”

ಕೇಳಿ ಬಂಧುಗಳೇ. ನಿಮ್ಮ ಕಾಡು, ನೀರು, ನೆಲದ ಬಗ್ಗೆ ಕೇಳಿಕೊಂಡು ಯಾರಾದರೂ ಬಂದರೆ ಬಾಗಿಲಲ್ಲಿ ನಿಂತು ಒಬ್ಬರೇ ಉತ್ತರ ಕೊಡಬೇಡಿ. ಮಂಡಳಿಗೆ ತಿಳಿಸಿ. ಹಿರಿಯರನ್ನು ಕೂರಿಸಿ ಕೇಳಿ. ವಿಚಾರಣೆಗೆ ಮನೆಮಂದಿಯೆಲ್ಲಾ ಹೋಗಿ. ಬಳಸುವುದನ್ನು ಹೇಳಿ, ಬಳಸದೆ ಬಿಟ್ಟದ್ದನ್ನು ಯಾಕೆ ಬಿಟ್ಟಿರಿ ಎಂದೂ ಹೇಳಿ. ನೀವು ನುಂಗಿದ ಅರ್ಧ ಮಾತಿನ ಜಾಗಕ್ಕೇ ಯಂತ್ರ ಬಂದು ನಿಲ್ಲುತ್ತದೆ.