ಹಗೇವಿನಾಗಿನ ಹವಾ

ನನ್ನ ತಮ್ಮ ಖಂಡೆಪ್ಪ ಕುಡಿದು ಸತ್ತಾನಂತ! ಹಂಗಂದವರ ಬಾಯಾಗ ಮಣ್ಣು ಬೀಳ್ಲಿ. ಅಂವ ಸೇಂದಿ ಮೂಸಿ ನೋಡ್ದವನೂ ಅಲ್ಲ.

ಕುರಕುಂಟಾದ ಅಮೃತಪ್ಪಗೌಡ ರಜಾಕಾರರ ಗದ್ಲದಾಗ ನೆಲದಾಗಿನ ಜ್ವಾಳದ ಹಗೇವು ಮುಚ್ಚಿಸಿದ್ದ. ಮರುವರ್ಷ ಸರ್ಕಾರಕ್ಕ ಜ್ವಾಳ ವಸೂಲಿ ಮಾಡೋ ಲೆವಿ ಸಾಹೇಬ ಬರಾಕತ್ತಾನಂತ ಸುದ್ದಿ ಬಂತು. ಜ್ವಾಳ ಅವನ ಕಣ್ಣಿಗಿ ಬೀಳಬಾರ್ದಲ್ಲ, ಬ್ಯಾರೆ ಕಡಿ ಸಾಗಿಸಾಕಂತ ಗೌಡ ಮುಂಜಾನೆ ಹಗೇವಿನ ಬಾಯಿ ತೆಗ್ಸಿದ, ಆಗಿಂದಾಗ ತನ್ನ ಹತ್ರ ಆಳಾಗಿದ್ದ ನನ್ನ ತಮ್ಮಗ "ಖಂಡ್ಯಾ, ಇಳಿಯೋ" ಅಂದ. ಬಾಯಿ ತೆಗೆದ ಮ್ಯಾಲ ಒಂದು ದಿನ ಬಿಡಬೇಕು, ಕಂದೀಲು ಇಳಿಸಿ ನೋಡಬೇಕು. ಇದು ಮುತ್ಯಾನ ಕಾಲದ ರೂಢಿ. ತಮ್ಮ ಕಂದೀಲು ಇಳಿಸಿದ. ಆರಿತು.

"ಗಾಳಿಗಿ ಆರ್ಯಾದ, ಇಳಿ," ಅಂದ ಗೌಡ.

ಗಾಜಿನ ಕಂದೀಲು ಅದು! ಮ್ಯಾಲ ಎಲಿ ಸುದ್ದಾ ಅಲ್ಲಾಡಲಿಲ್ಲ, ಎರಡಾಳು ಕೆಳಗ ಎಲ್ಲಿಂದ ಬಂತೋ ಗಾಳಿ? ಗೌಡ್ರಿಗಿ ಒಲ್ಲೆ ಅನ್ಲಿಲ್ಲ ನನ್ನ ತಮ್ಮ, ಹುಚ್ಚು ಹುಡುಗ. ಸೊಂಟಕ್ಕ ಹಗ್ಗ ಕಟ್ಕೊಂಡು ಇಳಿದ. ಮ್ಯಾಲ ಎಳಿಯೂದ್ರಾಗ ಜೀವ ಹೋಗಿತ್ತು.

ಸೇಡಂ ದವಾಖಾನಿಯಿಂದ ಕಂಪೌಂಡರ್ ಇಸಾಕ ಬಂದ. ನೀಲಿ ತುಟಿ ನೋಡಿ ನನಗ ತಿಳಿಸಿ ಹೇಳ್ದ: "ಭೀಮಮ್ಮ, ನಮ್ಮ ಪುಪ್ಪುಸದಾಗ ಕಣ್ಣಿಗಿ ಕಾಣದಂಥ ಗುಳ್ಳೆ ಕೋಟಿಗಟ್ಟಲೆ ಅವ. ಅವುಗಳ ಸುತ್ತ ಕೂದಲಗಿಂತ ಸಣ್ಣ ರಕ್ತದ ನರ. ಉಸಿರು ಎಳೆದಾಗ ಚಲೋ ಹವಾ ಗುಳ್ಳೆಯಿಂದ ರಕ್ತಕ್ಕ ಹೋಗ್ತದ, ರಕ್ತದಾಗಿನ ಕೆಟ್ಟ ಹವಾ ಗುಳ್ಳೆಗಿ ಬಂದು ಹೊರಗ ಬೀಳ್ತದ. ಹಿಂಗ ಅದಲಿ ಬದಲಿ ನಡದ್ರ ಜೀವ. ಮುಚ್ಚಿಟ್ಟ ಜ್ವಾಳನೂ ಉಸಿರಾಡ್ತದವ್ವ. ಅದು ಚಲೋ ಹವಾ ತಿಂದು ಕೆಟ್ಟದ್ದು ತುಂಬಿತ್ತು. ಖಂಡೆಪ್ಪ ಉಸಿರು ಎಳೆದಾನ, ರಕ್ತಕ್ಕ ಕೊಡ್ಲಾಕ ಒಳಗ ಏನೂ ಇರಲಿಲ್ಲ. ದೀಪಕ್ಕೂ ಅದೇ ಹವಾ ಬೇಕು."

ದೀಪ ಹೇಳಿತ್ತಲ್ಲ!

ಪೊಲೀಸ್ ಪಾಟೀಲ ಮಡಿವಾಳಯ್ಯ ಹಗೇವಿನ ಕಟ್ಟಿ ಮ್ಯಾಲ ಕುಂತು ಪಂಚನಾಮಾ ಬರೀಲಿಕತ್ತಿದ್ದ. "ಕುಡಿದು ಬಿದ್ದ ಅಂತ ಬರೀರಿ," ಅಂತ ಗೌಡ ಹೇಳಿಕೊಡಾಕತ್ತಿದ್ದ. ತಮ್ಮನ ಜೀವ ಅಂತೂ ಹೋತು, ಹೆಸರು ಹೋಗಾಕ ಬಿಡಲ್ಲ ಅಂದ್ಕೊಂಡೆ.

ಅದೇ ಕಂದೀಲು ಹಚ್ಚಿ, ಎಲ್ಲರ ಎದುರಿಗಿ ಇಳಿಸಿದೆ. ಆರಿತು.

"ಗೌಡ್ರೇ, ಗಾಳಿಗೇ ಆರ್ಯಾದಲ್ಲ?" ಅಂದೆ. ಹಗ್ಗ ಎತ್ತಿ ಅವನ ಮುಂದ ಹಿಡಿದೆ. "ಕಟ್ಕೊಂಡು ಇಳೀರಿ. ನಾನೇ ಹಿಡೀತೀನಿ."

ಗೌಡ ಹಗೇವಿನ ಬಾಯಿ ಬಿಟ್ಟು ಎರಡು ಹೆಜ್ಜಿ ಹಿಂದಕ್ಕ ಸರಿದ.

"ಪಾಟೀಲ್ರ, ಕುಡಿದು ಬಿದ್ದ ಅನ್ನೋದು ಹೊಡದು ಹಾಕ್ರಿ," ಅಂದೆ. "ಗೌಡ್ರು ಹಿಂದಕ್ಕ ಸರಿದ್ರು ಅಂತ ಬರ್ಕೊಳ್ರಿ."