ಅಗೆಯದೆ ಸಿಗದ ಓಲೆ

ನೆಲ ಅಗೆಯದೆ ಒಡೆದ ಪೈಪು ಸರಿಮಾಡುವುದು ನನ್ನ ಕಸುಬು. ಸುರುಳಿ ಸುತ್ತಿದ ಉಕ್ಕಿನ ತಗಡನ್ನು ರಬ್ಬರ್ ಚೀಲದ ಮೇಲೆ ಕೂರಿಸಿ ಪೈಪಿನೊಳಗೆ ತಳ್ಳುತ್ತೇನೆ. ಬಿರುಕಿನ ಹತ್ತಿರ ಚೀಲಕ್ಕೆ ಗಾಳಿ ತುಂಬಿದರೆ ತಗಡು ಅರಳಿ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಡಿಸುವುದು ನನ್ನಿಂದಲೂ ಆಗದ ಮಾತು.

ಆ ಮನೆಯ ಹಿರಿಸೊಸೆ ನನ್ನನ್ನು ಕರೆಸಿದ್ದೇ ಅಂಗಳದ ಹೊಸ ಟೈಲ್ಸ್ ಉಳಿಸಿಕೊಳ್ಳಲು. "ಒಂದು ಟೈಲ್ ಅಲುಗಿದ್ರೂ ನಿಮ್ಮನ್ನ ಸುಮ್ನೆ ಬಿಡಲ್ಲ," ಎಂದು ಬಾಗಿಲಲ್ಲೇ ಹೇಳಿದ್ದಳು. ಕಿರಿಸೊಸೆ ಬಚ್ಚಲ ಬಾಗಿಲಿಗೆ ಒರಗಿ ನಿಂತಿದ್ದಳು. ನಾಲ್ಕು ವರ್ಷದ ಹಿಂದೆ ಹಿರಿಯಾಕೆಯ ಒಂದು ಓಲೆ ಕಳೆದಿತ್ತು. ಕಿರಿಯಾಕೆಯೇ ಕದ್ದಳೆಂದು ನೆಂಟರಿಷ್ಟರಿಗೆಲ್ಲ ಸಾರಿಯಾಗಿತ್ತು. ಅಂದಿನಿಂದ ಇಬ್ಬರೂ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು. ಅವತ್ತು ಗೋಡೆಯ ಬದಲು ನಾನಿದ್ದೆ.

ಬಚ್ಚಲ ಪೈಪಿನೊಳಗೆ ಕ್ಯಾಮೆರಾ ಇಳಿಸಿದೆ. ಹನ್ನೆರಡು ಅಡಿ ಒಳಗೆ ಬಿರುಕು. ಬಿರುಕಿನಲ್ಲಿ ಸಿಕ್ಕಿಕೊಂಡು ಕೆಂಪು ಹರಳಿನ ಓಲೆ ಹೊಳೆಯುತ್ತಿತ್ತು.

"ಅಣ್ಣಾ, ಅದು ಯಾರದ್ದು ಅಂತ ಕೇಳಿ," ಎಂದಳು ಕಿರಿಯಾಕೆ.

ಹಿರಿಯಾಕೆ ಕ್ಯಾಮೆರಾದ ಪರದೆಯಿಂದ ಮುಖ ತಿರುಗಿಸಿದಳು. "ಮುಂಚೆ ಇದ್ದ ಬಾಡಿಗೆಯವರದ್ದಿರ್ಬೇಕು."

"ಹೌದಾ? ಹಾಗಾದ್ರೆ ತೆಗೀರಿ ಅಣ್ಣಾ. ಕರಗಿಸಿ ಉಂಗುರ ಮಾಡಿಸ್ಕೊಳ್ತೀನಿ."

"ಮುಟ್ಟಿ ನೋಡು! ನಮ್ಮಮ್ಮ ಕೊಟ್ಟ ಓಲೆ ಕಣೇ ಅದು!"

ನಾಲ್ಕು ವರ್ಷದ ಮೇಲೆ ಮೊದಲ ಸಲ ಮಾತು ಗೋಡೆ ತಪ್ಪಿಸಿ ನೇರ ಬಂದಿತ್ತು. ನಾನು ಗಾಳಿ ಪಂಪನ್ನೇ ನೋಡುತ್ತಾ ಕೂತೆ.

ಕಿರಿಯಾಕೆ ಕೂಗಾಡಲಿಲ್ಲ. "ಈ ಮಾತು ಭಾವನ ಮುಂದೆ ಹೇಳ್ತೀರಾ, ಅಕ್ಕ?"

ಹಿರಿಯಾಕೆ ನನ್ನತ್ತ ತಿರುಗಿ, "ಕೊಕ್ಕೆ ಹಾಕಿ ಎಳೆಯಕ್ಕಾಗಲ್ವಾ?" ಎಂದಳು.

"ಕೊಕ್ಕೆ ತಾಗಿದ್ರೆ ಆಚೆ ಮಣ್ಣಿಗೆ ಬೀಳುತ್ತಮ್ಮ. ತಗಡು ಕೂರಿಸಿದ್ರೆ ಅದರ ಹಿಂದೆ ಉಳ್ಕೊಳ್ಳುತ್ತೆ. ಬೇಕೇ ಬೇಕು ಅಂದ್ರೆ ಮೇಲಿಂದ ಅಗೀಬೇಕು. ಆರು ಟೈಲ್ಸ್ ಹೋಗುತ್ತೆ."

ಆಕೆ ಟೈಲ್ಸ್ ನೋಡಿದಳು, ಪರದೆ ನೋಡಿದಳು. ಅಷ್ಟರಲ್ಲಿ ಕಿರಿಯಾಕೆ ಹಿತ್ತಲಿಂದ ಹಾರೆ ತಂದು ಅವಳ ಕೈಗಿಟ್ಟಳು. "ಮೊದಲ ಏಟು ನಿಮ್ಮದೇ ಆಗ್ಲಿ."

ಮಧ್ಯಾಹ್ನದ ಹೊತ್ತಿಗೆ ಓಲೆ ಸಿಕ್ಕಿತು. ಗುಂಡಿ ಬಾಯ್ತೆರೆದ ಮೇಲೆ ನನ್ನ ತಗಡಿಗೇನು ಕೆಲಸ? ಒಡೆದ ತುಂಡು ಕತ್ತರಿಸಿ ಹೊಸದು ಜೋಡಿಸಿದೆ, ಯಾವ ಪ್ಲಂಬರ್ ಬೇಕಾದರೂ ಮಾಡುವ ಕೆಲಸ.

ಹಿರಿಯಾಕೆಯ ಗಂಡ ಊಟಕ್ಕೆ ಬಂದವನು ಅಂಗಳ ಕಂಡು ಹೌಹಾರಿದ. "ಅಗೆಯಲ್ಲ ಅಂತ ತಾನೇ ಇವರನ್ನ ಕರೆಸಿದ್ದು?"

"ಅವರೇನೂ ಅಗೆದಿಲ್ಲ ರೀ, ನಾವೇ ಅಗೆದಿದ್ದು," ಎಂದಳು ಹೆಂಡತಿ, ಕೈಯ ಮಣ್ಣು ಒರೆಸಿಕೊಳ್ಳುತ್ತಾ. ಕಿರಿಯಾಕೆ ಅವಳನ್ನೇ ನೋಡುತ್ತಾ ನಿಂತಿದ್ದಳು. ಹಿರಿಯಾಕೆ ಅಂಗೈ ಬಿಚ್ಚಿದಳು. "ಇವಳು ಕದ್ದಿರ್ಲಿಲ್ಲ."