ಕಾಲುವೆಯ ಬಾಯಿ

"ಏಯ್ ಮುದುಕ, ಮೈಕಿಗೆ ಬಾಯಿ ಹಚ್ಚಬೇಡ, ವಾಸನೆ ಹೊಡೆಯುತ್ತೆ. ಎರಡು ನಿಮಿಷ, ಅಷ್ಟೇ," ಎಂದ ಅಧಿಕಾರಿ ಕೀಟಿಂಗ್.

ಶಾಲೆಯ ಆಟದ ಹಾಲ್‌ನಲ್ಲಿ ಕಾಲುವೆ ಯೋಜನೆಯ ಅಹವಾಲು ಸಭೆ. ಮುಂದಿನ ಸಾಲಿನ ಬಿಳಿಯರು ನಕ್ಕರು. ಮೈಕಿನ ಮುಂದೆ ನಿಂತಿದ್ದ ಅರವತ್ತೆಂಟರ ಥಿಯೋಫಿಲ್‌ಗೆ ಸಿಟ್ಟೂ ಬರಲಿಲ್ಲ. ಬೆಳಿಗ್ಗೆ ಕೊಲ್ಲಿಯಲ್ಲಿ ಮಾರಾಟದ ಸಿಂಪಿ ಚಿಪ್ಪು ಬಾಚಿ, ಅದೇ ರಬ್ಬರ್ ಬೂಟಿನಲ್ಲಿ ಬಂದಿದ್ದ.

ಕೀಟಿಂಗ್ ಮೇಜಿನ ಮೇಲಿನ ನಕ್ಷೆಗೆ ಕಡ್ಡಿ ಇಟ್ಟ. ಮಿಸ್ಸಿಸಿಪ್ಪಿಯ ಏರಿ ಕೊರೆದು ಕಾಲುವೆ ತೆಗೆಯುತ್ತಾರೆ. ಹೊಳೆಯ ಮೆಕ್ಕಲು ತುಂಬಿ, ಸಮುದ್ರ ನುಂಗಿದ ಜೌಗುನೆಲ ಮತ್ತೆ ಮೇಲೇಳುತ್ತದೆ.

"ಮಣ್ಣು ಬೇಡ ಅಂತೀಯಾ? ಮುಳುಗ್ತಿರೋದು ನಿಮ್ಮೂರೇ ಕಣೋ."

"ಬೇಕು ಸ್ವಾಮಿ. ನಮ್ಮಪ್ಪನ ಗೋರಿ ಮೇಲೆ ಈಗ ಮೀನು ಓಡಾಡ್ತವೆ. ಆದ್ರೆ ಮಣ್ಣಿನ ಜೊತೆ ಸಿಹಿನೀರೂ ನುಗ್ಗುತ್ತಲ್ಲ? ಉಪ್ಪಿಲ್ದೆ ನಮ್ ಸಿಂಪಿ ಬಾಯಿ ಬಿಟ್ಕೊಂಡು ಸಾಯ್ತವೆ. ನಾವೇನ್ ತಿನ್ನೋದು?"

"ಬೇರೆ ಕೆಲಸ ಕಲಿಸ್ತೀವಿ. ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸೋಕೆ ಜನ ಬೇಕಂತೆ."

"ಹೋದ ವರ್ಷದ ನಕ್ಷೇಲಿ ಕಾಲುವೆ ಬಾಯಿ ಹೊಳೆ ಮೇಲ್ಗಡೆ ಇತ್ತು. ಈ ಮುಂದಿನ ಸಾಲಿನ ದೊರೆಗಳ ರಜಾಮನೆ ಹತ್ರ. ಅದನ್ನ ನಮ್ ಕರಿಯರ ಊರ ಮುಂದಕ್ಕೆ ಎಳ್ಕೊಂಡ್ ಬಂದೋರು ಯಾರು?"

ಮೈಕ್ ಸತ್ತಿತು.

"ಟೈಮ್ ಆಯ್ತು. ಮುಂದಿನೋರು."

ಮಾತಾಡಲು ನಿಂತ ಸಾಲಿನಲ್ಲಿ ಅವನ ಹಿಂದಿದ್ದವಳು ಹೆಂಡತಿ ಅರ್ನೆಸ್ಟೈನ್. ನಲವತ್ತು ವರ್ಷ ಸಿಂಪಿ ಬಿಡಿಸಿ ಕೈತುಂಬ ಗೀರು.

"ನನ್ನೆರಡು ನಿಮಿಷ ಇವನಿಗೆ ಕೊಟ್ಟೆ," ಎಂದಳು.

ಅವಳ ಹಿಂದಿದ್ದವನು, "ನಂದೂ ತಗೋ ಚಿಕ್ಕಪ್ಪ," ಎಂದ.

"ನಂದೂ."

"ನಂದೂ."

ಸಾಲು ಬಾಗಿಲಾಚೆಗೂ ಇತ್ತು. ಮೈಕ್ ಮತ್ತೆ ಗರಗರ ಎಂದಿತು.

"ಯಾರು ಎಳ್ಕೊಂಡ್ ಬಂದೋರು?" ಎಂದ ಥಿಯೋಫಿಲ್, ಗಂಟೆ ಎಷ್ಟೆಂದು ಕೇಳುವವನ ದನಿಯಲ್ಲಿ. ಮೈಕಿನ ಮುಂದಿಂದ ಕದಲಲಿಲ್ಲ.

"ಬೇರೇನಾದ್ರೂ ಹೇಳೋದಿದ್ಯಾ?"

"ಇಲ್ಲ. ಕಾಯ್ತೀನಿ."

ಗೋಡೆ ಗಡಿಯಾರದಲ್ಲಿ ಎರಡು ನಿಮಿಷ ಕಳೆದು, ಮುಂದಿನವರ ಎರಡು ನಿಮಿಷ ಶುರುವಾಯಿತು. ಜನವರಿಯ ಕೊರೆಯುವ ನೀರಲ್ಲಿ ಅದ್ದಿದ ಕೈಯಂತೆ ಥಿಯೋಫಿಲ್‌ನ ಎದೆ ಮರಗಟ್ಟಿತ್ತು. ಹೆದರಿಕೆಯೂ ಅಲ್ಲಿಗೆ ತಲುಪುತ್ತಿರಲಿಲ್ಲ.

"ಹಠಮಾರಿ ನನ್ಮಕ್ಳು," ಎಂದು ಗೊಣಗಿ ಕೀಟಿಂಗ್ ನಕ್ಷೆ ಸುತ್ತಲು ಹೊರಟ. ಅರ್ನೆಸ್ಟೈನ್ ಮೇಜಿನ ಬಳಿ ಹೋಗಿ ಎರಡೂ ಅಂಗೈಗಳನ್ನು ನಕ್ಷೆಯ ಮೇಲೆ ಒತ್ತಿದಳು.

"ಕೈ ತೆಗಿ."

"ಹೇಳ್ಬಿಟ್ಟು ಸುತ್ಕೋ."

ಮೂಲೆಯಲ್ಲಿದ್ದ ಪೊಲೀಸಿನವನು ಬಂದು ಅವಳ ಮಣಿಕಟ್ಟು ಹಿಡಿದ. ಎಳೆದ. ಅಂಗೈ ಏಳಲಿಲ್ಲ. ಅವನು ಸೊಂಟದಿಂದ ಕೈಬೇಡಿ ಹೊರತೆಗೆದ.

ಇಡೀ ಸಾಲು ಮೇಜಿನತ್ತ ಒಂದು ಹೆಜ್ಜೆ ಮುಂದೆ ಬಂತು.